ಸ್ಟ್ಯಾಂಡೇನೋ ಸರಿ, ಅದರ ತಲೆ ಗಟ್ಟಿ ಇದೆಯೇ?

ಜೋಳದ ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಬೇಕು ಅಂತ ನಿಮಗೂ ಒಮ್ಮೆ ಅನ್ನಿಸಿರಬೇಕಲ್ಲ? ಶೇಂಗಾ ಹಿಂಡಿ, ಪುಂಡಿಪಲ್ಯ, ಎಣ್ಣೆಗಾಯಿ ಹೇಳಿಕೊಡಲು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲವೇ ನೀವು ಬ್ಲೌಸ್ ಹೊಲಿಯುವವರಿರಬಹುದು. ಹೊಸ ಡಿಸೈನ್ ಹೊಲಿದಾಗಲೆಲ್ಲ ಒಂದು ನಿಮಿಷದ ವಿಡಿಯೋ ಹಾಕಿದರೆ ನಾಲ್ಕು ಗಿರಾಕಿ ಹೆಚ್ಚು ಬರುತ್ತಾರೆ ಅನ್ನುವುದು ನಿಮಗೆ ಗೊತ್ತು. ಅದೂ ಬೇಡ, ಮನೆಯ ಮಾತೇ ಆಗಲಿ. ಕುಬಸ, ತೊಟ್ಟಿಲು, ಗೃಹಪ್ರವೇಶ, ಎಲ್ಲದರ ಫೋಟೊ ನಿಮ್ಮ ಫೋನಿನಲ್ಲಿವೆ. ಆದರೆ ತೆಗೆಯುವವರು ನೀವೇ ಆದ್ದರಿಂದ ಯಾವ ಫೋಟೊದಲ್ಲೂ ನೀವಿಲ್ಲ!

ಅದಕ್ಕೇ ಈಗ ಮನೆಮನೆಗೆ ಟ್ರೈಪಾಡ್ ಬರುತ್ತಿದೆ. ನಾವು ಸಾಮಾನ್ಯವಾಗಿ ‘ಮೊಬೈಲ್ ಸ್ಟ್ಯಾಂಡ್’ ಅಂದುಬಿಡುತ್ತೇವೆ. ಕೊಳ್ಳುವಾಗ ಏನು ನೋಡುತ್ತೀರಿ? ಎಷ್ಟು ಎತ್ತರ ಬರುತ್ತದೆ, ಮಡಚಿದರೆ ಬ್ಯಾಗಿನಲ್ಲಿ ಹಿಡಿಯುತ್ತದಾ, ಬಣ್ಣ ಯಾವುದು. ಅಂದರೆ ಕಾಲು ನೋಡುತ್ತೀರಿ. ಆದರೆ ಫೋನು ಬೀಳುವುದು ಹೆಚ್ಚಾಗಿ ಕಾಲಿನ ತಪ್ಪಿನಿಂದಲ್ಲ. ಕಾಲಿಗೂ ಫೋನಿಗೂ ನಡುವೆ ಇರುವ ಆ ಗೇಣುದ್ದದ ಭಾಗದಿಂದ. ಹಿಡಿಯುವ ಹೋಲ್ಡರ್, ಅದರ ಕೆಳಗಿನ ತಿರುಪು, ಪ್ಲೇಟು, ಅತ್ತಿತ್ತ ಹೊರಳುವ ತಲೆ. ಇವುಗಳಲ್ಲಿ ಅಗ್ಗದ್ದು ಯಾವುದು ಸಾಕು, ಯಾವುದಕ್ಕೆ ನಾಲ್ಕು ಕಾಸು ಹೆಚ್ಚು ಹಾಕಬೇಕು ಅನ್ನುವುದೇ ಈ ವಾರದ ಮಾತು.

ಶಹಾಪುರದ ಮಗ್ಗುಲಿನ ಭೀಮರಾಯನಗುಡಿ ಕ್ಯಾಂಪಿನವರಿಗಂತೂ ಮೂರು ಕಾಲಿನ ಸ್ಟ್ಯಾಂಡ್ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸಕ್ಕೆಂದೇ ಬೆಳೆದ ಕ್ಯಾಂಪ್ ಅದು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ, ಅದರ ಕವಲಾದ ಶಹಾಪುರ ಶಾಖಾ ಕಾಲುವೆ, ಇವೆಲ್ಲ ನೆಲದ ಮೇಲೆ ಮೂಡುವ ಮುಂಚೆ ಯಾರೋ ಬಿಸಿಲಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಮೇಲೆ ಲೆವೆಲ್ ಉಪಕರಣ ಕೂಡಿಸಿ ಅಳತೆ ತೆಗೆದಿದ್ದಾರೆ. ಕಾಲುವೆಯ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆ. ಉಪಕರಣ ಕೂತ ಜಾಗ ಒಂದಿಷ್ಟು ಅಲುಗಿದರೂ ಲೆಕ್ಕ ತಪ್ಪುತ್ತದೆ, ನೀರು ಹೊಲ ಮುಟ್ಟುವುದಿಲ್ಲ. ಸರ್ವೆ ಸ್ಟ್ಯಾಂಡುಗಳನ್ನು ಹತ್ತಿರದಿಂದ ನೋಡಿದ್ದರೆ ನೆನಪಿಸಿಕೊಳ್ಳಿ. ಎಷ್ಟೋ ಹಳೆಯ ಸ್ಟ್ಯಾಂಡುಗಳ ಕಾಲು ಬರೀ ಕಟ್ಟಿಗೆಯವು, ಆದರೆ ಮೇಲಿನ ತಲೆ ಮತ್ತು ತಿರುಪು ಗಟ್ಟಿ ಲೋಹ. ಖರ್ಚು ಎಲ್ಲಿ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು ನೋಡಿ!

(ಒಂದು ಕಿವಿಮಾತು. ಹಳೆ ಸರ್ವೆ ಸ್ಟ್ಯಾಂಡ್ ಎಲ್ಲಾದರೂ ಸಿಕ್ಕಿತು ಅಂತ ಕ್ಯಾಮೆರಾ ಕೂಡಿಸಲು ಹೋಗಬೇಡಿ. ಅದರ ತಿರುಪು 5/8 ಇಂಚಿನದು, ಕ್ಯಾಮೆರಾದ್ದು 1/4 ಇಂಚಿನದು. ನಡುವೆ ಒಂದು ಅಡಾಪ್ಟರ್ ಬೇಕು.)

ಇಷ್ಟ ರೊಕ್ಕ ಯಾಕ ಬೇಕವ್ವಾ?

ನೀವು ಸಾವಿರ ರೂಪಾಯಿ ಅಂದ ಕೂಡಲೇ ಮನೆಯಲ್ಲಿ ಅತ್ತೆಯವರು ಕೇಳುವ ಪ್ರಶ್ನೆ ಇದು. “ಒಂದು ಸ್ಟ್ಯಾಂಡಿಗಿ ಇಷ್ಟ ರೊಕ್ಕ ಯಾಕ ಬೇಕವ್ವಾ? ಡಬ್ಬಿಗಿ ಆನಿಸಿ ಇಟ್ಟರ ಆಗೂದಿಲ್ಲೇನು?” ಕೇಳುವುದರಲ್ಲಿ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಕೆಲಸಕ್ಕೆ ಡಬ್ಬಿ ಸಾಕು. ಕಿಟಕಿಯಲ್ಲಿ ಫೋನು ಆನಿಸಿಟ್ಟು ಹಾಡಿ, ಮಾತಾಡಿ ಲಕ್ಷ ಜನ ನೋಡುವಂತೆ ಮಾಡಿದವರಿದ್ದಾರೆ.

ಆದರೆ ನಿಮ್ಮ ಫೋನಿನ ಬೆಲೆ ಎಷ್ಟು? ಕಂತಿನಲ್ಲಿ ಕೊಂಡ ಹದಿನೈದು ಸಾವಿರದ ಫೋನು. ಆರ್ಡರ್ ಬರುವುದು ಅದರಲ್ಲೇ, ದುಡ್ಡು ಜಮಾ ಆಗುವುದು ಅದರಲ್ಲೇ, ಮಗನ ಶಾಲೆಯ ಸೂಚನೆ ಬರುವುದೂ ಅದರಲ್ಲೇ. ಅದನ್ನು ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಹೋಲ್ಡರಿಗೆ ತೂಗಿಹಾಕಿ, ಕೆಳಗೆ ಕಾದ ಹಂಚು ಇಟ್ಟರೆ? ಸ್ಟ್ಯಾಂಡಿನಲ್ಲಿ ಉಳಿಸಿದ ಐದುನೂರು ರೂಪಾಯಿ ಡಿಸ್‌ಪ್ಲೇ ಹಾಕಿಸುವುದರಲ್ಲಿ ಹೋಗುತ್ತದೆ.

ಹಾಗಂತ ದುಬಾರಿಯದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಪ್ರತಿಯೊಂದು ಭಾಗ ಕೈಯಲ್ಲಿ ಹಿಡಿದಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ಕೈಕೊಟ್ಟರೆ ಚಿತ್ರ ಕೆಡುತ್ತದೋ, ವಸ್ತು ಬೀಳುತ್ತದೋ? ಚಿತ್ರ ಮಾತ್ರ ಕೆಡುವಂತಿದ್ದರೆ ಅಗ್ಗದ್ದು ತಗೊಳ್ಳಿ. ಬೇಕಾದರೆ ಇನ್ನೊಂದು ಸಲ ತೆಗೆದರಾಯಿತು. ವಸ್ತು ಬೀಳುವಂತಿದ್ದರೆ ಅಲ್ಲಿ ಚೌಕಾಸಿ ಬೇಡ.

ಫೋನ್ ಹಿಡಿಯುವ ಹೋಲ್ಡರ್

ಹೆಚ್ಚಿನವರಿಗೆ ಬೇಕಾಗುವುದು ಇದೊಂದೇ. ಆದ್ದರಿಂದ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಅಗ್ಗದ ಹೋಲ್ಡರುಗಳು ಸ್ಪ್ರಿಂಗ್ ಮೇಲೆ ನಡೆಯುತ್ತವೆ. ಮೇಲಿನ ದವಡೆ ಎಳೆದು ಫೋನು ಸಿಕ್ಕಿಸಿ ಬಿಟ್ಟರೆ ಅದು ಕಚ್ಚಿಕೊಳ್ಳುತ್ತದೆ. ಹೊಸತರಲ್ಲಿ ಚೆನ್ನಾಗಿಯೇ ಕಚ್ಚುತ್ತದೆ. ಆದರೆ ದಿನಕ್ಕೆ ಹತ್ತು ಸಲ ಎಳೆದು ಬಿಡುತ್ತಿದ್ದರೆ ಸ್ಪ್ರಿಂಗ್ ಸಡಿಲಾಗುತ್ತದೆ, ಒಳಗಿನ ರಬ್ಬರು ನುಣುಪಾಗುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿ ಪಕ್ಕ ಬಿಟ್ಟ ರಬ್ಬರ್ ಪಟ್ಟಿ ಏನಾಗುತ್ತದೋ ಇದರ ರಬ್ಬರೂ ಅದೇ ಆಗುತ್ತದೆ: ಮೊದಲು ಅಂಟಂಟು, ಆಮೇಲೆ ಬಿರುಕು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ತಿರುಪಿನಿಂದ ಬಿಗಿಯುವ ಹೋಲ್ಡರ್. ಹಿಂದೆ ಒಂದು ಗುಬುಟು ಇರುತ್ತದೆ, ತಿರುಗಿಸಿದಷ್ಟೂ ದವಡೆ ಹತ್ತಿರ ಬರುತ್ತದೆ. ಸ್ಪ್ರಿಂಗ್ ದಣಿಯುವ ಚಿಂತೆ ಇಲ್ಲ. ಅಲ್ಯೂಮಿನಿಯಮ್ಮಿನದಾದರೆ ಇನ್ನೂ ಒಳ್ಳೆಯದು. ಸ್ಪ್ರಿಂಗಿನದು ನೂರರಿಂದ ಇನ್ನೂರು ಚಿಲ್ಲರೆಗೆ ಸಿಕ್ಕರೆ, ಲೋಹದ್ದು ಸುಮಾರು ಐದಾರುನೂರರಿಂದ ಮೇಲೆ ಹೋಗುತ್ತದೆ. ದಿನಾ ವಿಡಿಯೋ ಮಾಡುವವರಾದರೆ ಈ ವ್ಯತ್ಯಾಸ ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅದರ ಮೇಲಿನ ಎರಡು, ಮೂರು ಸಾವಿರದ ಹೋಲ್ಡರುಗಳು? ಮೈಕು, ಲೈಟು ಎಲ್ಲ ಸಿಕ್ಕಿಸಿಕೊಂಡು ಹೊರಗೆ ಓಡಾಡಿ ಕೆಲಸ ಮಾಡುವವರಿಗೆ ಸರಿ. ಅಡಿಗೆಮನೆಗೆ ಅಷ್ಟು ಬೇಕಿಲ್ಲ.

ಇನ್ನೊಂದು ವಿಷಯ. ಯಾವ ಕಡೆ ಬೇಕಾದರೂ ತಿರುಗುತ್ತದೆ, 360 ಡಿಗ್ರಿ, ಅಂತ ಅಂಗಡಿಯವರು ಹೊಗಳುವ ಹೋಲ್ಡರುಗಳಿವೆಯಲ್ಲ, ಅವುಗಳ ಬಗ್ಗೆ ಎಚ್ಚರ. ತಿರುಗುವ ಪ್ರತಿ ಕೀಲೂ ಸಡಿಲಾಗಬಹುದಾದ ಒಂದು ಜಾಗ. ಕೀಲು ಕಡಿಮೆ ಇದ್ದಷ್ಟೂ ಒಳ್ಳೆಯದು. ಹಾಗಾದರೆ ಫೋನು ಅಡ್ಡ, ಉದ್ದ ಎರಡೂ ಬೇಕೆಂದರೆ ಹೇಗೆ? ತಳಕ್ಕೊಂದು, ಬೆನ್ನಿಗೊಂದು ಹೀಗೆ ಎರಡು ತಿರುಪಿನ ತೂತು ಇರುವ ಹೋಲ್ಡರ್ ಕೇಳಿ. ಬಿಚ್ಚಿ ಇನ್ನೊಂದು ತೂತಿಗೆ ಹಾಕಿದರೆ ಫೋನು ನಿಲ್ಲುವ ರೀತಿ ಬದಲಾಗುತ್ತದೆ. ಅರ್ಧ ನಿಮಿಷದ ಕೆಲಸ. ಬೆಲೆಯೂ ಹೆಚ್ಚಲ್ಲ.

ಕೊಳ್ಳುವಾಗ ನಿಮ್ಮ ಫೋನನ್ನೇ ಹಾಕಿ ನೋಡಿ. ದವಡೆ ಬಂದು ಪವರ್ ಬಟನ್ ಮೇಲೆ ಕೂತಿತೋ, ವಿಡಿಯೋ ನಡುವೆಯೇ ಫೋನು ಬಂದ್! ಸ್ವಲ್ಪ ಆಚೀಚೆ ಸರಿಸಿ ಹಿಡಿಸಲು ಜಾಗ ಇರುತ್ತದೋ ನೋಡಿಕೊಳ್ಳಿ. ಪುಸ್ತಕದ ಹಾಗೆ ತೆರೆಯುವ ಕವರ್ ಇದ್ದರೆ ತೆಗೆದಿಟ್ಟೇ ಫೋನು ಹಾಕಬೇಕು. ಕವರಿನೊಳಗಿಂದ ಫೋನು ಜಾರುವುದು ಗೊತ್ತೇ ಆಗುವುದಿಲ್ಲ.

ಮನೆಗೆ ತಂದ ಮೇಲೆ ಮೊದಲ ಪರೀಕ್ಷೆ ಹಾಸಿಗೆಯ ಮೇಲೆ. ಫೋನಿನಷ್ಟೇ ದಪ್ಪದ ಹಳೇ ಕೆಟ್ಟ ಫೋನು ಇದ್ದರೆ ಅದನ್ನು ಸಿಕ್ಕಿಸಿ, ಸ್ಟ್ಯಾಂಡನ್ನು ತಲೆಕೆಳಗು ಮಾಡಿ ಹತ್ತು ಸಲ ಝಾಡಿಸಿ. ಬೀಳಲಿಲ್ಲವೇ? ಪಾಸು. ಹೊಸ ಫೋನು ಹಾಕಿ ಈ ಪರೀಕ್ಷೆ ಮಾಡುವ ಸಾಹಸ ಮಾತ್ರ ಬೇಡ.

ಮ್ಯಾಗ್ನೆಟ್ ಹೋಲ್ಡರುಗಳೂ ಈಗ ಬಹಳ ಬಂದಿವೆ. 2020ರಲ್ಲಿ ಐಫೋನ್ 12ರ ಜೊತೆ ಆಪಲ್ ಕಂಪನಿ ಫೋನಿನೊಳಗೇ ಮ್ಯಾಗ್ನೆಟ್ ಸುತ್ತು ಇಟ್ಟಿತು. ಆ ಮೇಲೆ ಬೇರೆ ಕೆಲವರೂ ಹಿಂಬಾಲಿಸಿದರು. ಫೋನಿನೊಳಗೇ ಮ್ಯಾಗ್ನೆಟ್ ಇದ್ದರೆ ಸರಿ. ಇಲ್ಲದ ಫೋನಿಗೆ ಹಿಂದೆ ಉಂಗುರ ಅಂಟಿಸಿ ತೂಗಿಹಾಕುವುದು ಬೇರೆ ಮಾತು. ಆಗ ನಿಮ್ಮ ಫೋನು ನಿಂತಿರುವುದು ಆ ಅಂಟಿನ ಮೇಲೆ. ಒಲೆಯ ಕಾವಿಗೆ ಅಂಟು ಎಷ್ಟು ದಿನ ಬಾಳೀತು?

ರೊಟ್ಟಿಯ ಪೆಟ್ಟು, ಮಶಿನ್ನಿನ ನಡುಕ

ಬೇರೆ ಊರಿನವರ ಸಲಹೆ ನಮಗೆ ಪೂರ್ತಿ ಹೊಂದದಿರುವುದು ಇಲ್ಲೇ. ಚಪಾತಿ ಲಟ್ಟಿಸುವವರ ಕಟ್ಟೆ ಅಲುಗುವುದಿಲ್ಲ. ಜೋಳದ ರೊಟ್ಟಿ ಹಾಗಲ್ಲವಲ್ಲ! ಒಂದೊಂದು ರೊಟ್ಟಿಗೂ ನೂರಾರು ಪೆಟ್ಟು. ಸ್ಟ್ಯಾಂಡನ್ನು ಅದೇ ಕಟ್ಟೆಯ ಮೇಲೆ, ಅದೇ ಹಲಗೆಯ ಮೇಲೆ ಇಟ್ಟರೆ ಪ್ರತಿ ಪೆಟ್ಟಿಗೂ ತಿರುಪು ಕೂದಲೆಳೆಯಷ್ಟು ಸಡಿಲಾಗುತ್ತದೆ. ಮೊದಲ ರೊಟ್ಟಿಗೆ ನೆಟ್ಟಗಿದ್ದ ಫೋನು ಎಂಟನೆಯ ರೊಟ್ಟಿಗೆ ಮುಂದಕ್ಕೆ ಬಾಗಿರುತ್ತದೆ. ಹೊಲಿಗೆ ಮಶಿನ್ನಿನ ಟೇಬಲ್ ಮೇಲೆ ಇಟ್ಟರೂ ಇದೇ ಕಥೆ. ಅದರಲ್ಲೂ ಮೋಟಾರು ಹಾಕಿಸಿದ ಮಶಿನ್ ಆದರೆ ನಡುಕ ಇನ್ನೂ ಹೆಚ್ಚು.

ಇದಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಸ್ಟ್ಯಾಂಡಿನ ಕಾಲು ನೆಲದ ಮೇಲಿರಲಿ, ಕಟ್ಟೆಯ ಮೇಲೆ ಬೇಡ. ಎತ್ತರ ಸಾಲದಿದ್ದರೆ ಬೇರೆ ಸ್ಟೂಲಿನ ಮೇಲಿಡಿ. ಕೂತು ನೆಲದ ಮೇಲೇ ಬಡಿಯುವವರಾದರೆ ಕಾಲುಗಳ ಕೆಳಗೆ ಮಡಚಿದ ಗೋಣಿಚೀಲ ಹಾಕಿ. ಮೂರ್ನಾಲ್ಕು ರೊಟ್ಟಿಗೊಮ್ಮೆ ತಿರುಪುಗಳಿಗೆ ಕೈ ಹಾಕಿ ನೋಡಿ. ಸಾವಿರಗಟ್ಟಲೆಯ ಸ್ಟ್ಯಾಂಡ್ ಇದ್ದರೂ ಈ ಅಭ್ಯಾಸ ತಪ್ಪಿಸಬೇಡಿ.

ಮೇಲಿನಿಂದ ನೇರ ಕೆಳಗೆ ನೋಡುವಂತೆ ಚಿತ್ರ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಕಡಾಯಿಯೊಳಗೆ ಒಗ್ಗರಣೆ ಸಿಡಿಯುವುದು ಚೆಂದ ಕಾಣುವುದೇ ಹಾಗೆ. ಅದಕ್ಕೆ ಅಡ್ಡ ಚಾಚುವ ತೋಳು ಬೇಕು. ಇದೊಂದು ಕಡೆ ಅಗ್ಗದ್ದು ಬೇಡವೇ ಬೇಡ ಅನ್ನುತ್ತೇನೆ. ಫೋನು ಸ್ಟ್ಯಾಂಡಿನಿಂದ ದೂರ ಹೋದಷ್ಟೂ ಅದರ ಭಾರ ಕೀಲಿನ ಮೇಲೆ ಹೆಚ್ಚುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಲೋಹದ ತೋಳು ಕೊಳ್ಳಿ, ಚಾಚಿದ ದಿಕ್ಕಿಗೇ ಸ್ಟ್ಯಾಂಡಿನ ಒಂದು ಕಾಲು ಬರುವಂತೆ ನಿಲ್ಲಿಸಿ, ಹಿಂದಿನ ತುದಿಗೆ ಎರಡು ಕಿಲೋ ಅಕ್ಕಿಯ ಚೀಲ ತೂಗಿಹಾಕಿ. ಅಷ್ಟಾದ ಮೇಲೂ ಕಾದ ಎಣ್ಣೆಯ ಮೇಲೆ ನೇರವಾಗಿ ಫೋನು ಇಡದೆ ಸ್ವಲ್ಪ ಓರೆಯಾಗಿಡಿ. ಫೋನು ಎಣ್ಣೆಗೆ ಬಿದ್ದರೆ ಹಾಳಾಗುವುದು ಫೋನು ಮಾತ್ರವಲ್ಲ, ಎಣ್ಣೆ ಸಿಡಿಯುವುದು ಮುಖಕ್ಕೆ. ಮಕ್ಕಳು ಓಡಾಡುವ ಅಡಿಗೆಮನೆಯಾದರೆ ಇದನ್ನು ಬಿಟ್ಟೇಬಿಡಿ.

ರಂಗೋಲಿ, ಕಸೂತಿ, ಮೆಹೆಂದಿ ತೋರಿಸುವವರಿಗೆ ತೋಳೂ ಬೇಡ. ಎರಡು ದೊಡ್ಡ ಡಬ್ಬಿಗಳ ಮೇಲೆ ಒಂದು ಹಲಗೆ, ಹಲಗೆಯಂಚಿಗೆ ಕ್ಯಾಮೆರಾ ಕಣ್ಣು ಹೊರಬರುವಂತೆ ಫೋನು, ಫೋನಿನ ಮೇಲೆ ಒಂದು ದಪ್ಪ ಪುಸ್ತಕ. ಅತ್ತೆಯವರ ಡಬ್ಬಿಯ ಮಾತು ಇಲ್ಲಿ ನೂರಕ್ಕೆ ನೂರು ಸರಿ.

ಆ ಸಣ್ಣ ತಿರುಪಿನ ಮಹಿಮೆ

ಸ್ಟ್ಯಾಂಡಿನ ತುದಿಯಲ್ಲಿ ಕಾಣುವ ತಿರುಪು 1/4 ಇಂಚಿನದು, ಇಂಚಿಗೆ 20 ಸುತ್ತು. ಸಣ್ಣ ಫೋನ್ ಹೋಲ್ಡರಿನಿಂದ ಹಿಡಿದು ಲಕ್ಷ ರೂಪಾಯಿಯ ಕ್ಯಾಮೆರಾದ ತನಕ ಇದೇ ಅಳತೆ. ಈ ಅಳತೆಯ ಬೇರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ತಿರುಪುಗಳಿಗೆಲ್ಲ ಒಂದೇ ಲೆಕ್ಕ ಇರಲಿ ಅಂತ ಸೂಚಿಸಿದ ಪದ್ಧತಿಯಲ್ಲಿದೆ. ನಮ್ಮ ಸುರಪುರಕ್ಕೆ ಮೆಡೋಸ್ ಟೇಲರ್ ಸಾಹೇಬ ಬಂದನಲ್ಲ, ಹೆಚ್ಚುಕಮ್ಮಿ ಅದೇ ಕಾಲ! ಅಷ್ಟು ಹಳೆಯ ಅಳತೆ ಇವತ್ತಿಗೂ ನಿಮ್ಮ ಕೈಯಲ್ಲಿದೆ. ದೊಡ್ಡ ಸ್ಟ್ಯಾಂಡುಗಳಲ್ಲಿ ಕಾಲಿಗೂ ತಲೆಗೂ ನಡುವೆ 3/8 ಇಂಚಿನ, ಇಂಚಿಗೆ 16 ಸುತ್ತಿನ ದಪ್ಪ ತಿರುಪು ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೊಂದಿಸುವ ಲೋಹದ ಬುಶ್ ಕೆಲವು ಹತ್ತು ರೂಪಾಯಿಗೆ ಸಿಗುತ್ತದೆ. ಇದರಲ್ಲಿ ಹೆಸರಾಂತ ಕಂಪನಿಯದು ಹುಡುಕಬೇಡಿ. ಅಗ್ಗದ್ದೇ ಸಾಕು.

ಈ ಒಂದೇ ಅಳತೆಯಿಂದ ನಿಮಗೇನು ಲಾಭ? ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಇರುವ ಹಳೇ ಸ್ಟ್ಯಾಂಡಿನ ಕಾಲು ಇಟ್ಟುಕೊಂಡು ಹೋಲ್ಡರ್ ಮಾತ್ರ ಬದಲಿಸಬಹುದು. ನಾಳೆ ಕ್ಯಾಮೆರಾ ಕೊಂಡರೆ ಹೋಲ್ಡರ್ ತೆಗೆದು ಅದನ್ನೇ ಕೂಡಿಸಬಹುದು. ಸ್ವಸಹಾಯ ಸಂಘದ ಹತ್ತು ಜನ ಸೇರಿ ಒಂದು ಒಳ್ಳೆಯ ಸ್ಟ್ಯಾಂಡ್ ಕೊಂಡು, ಹೋಲ್ಡರ್ ಮಾತ್ರ ಅವರವರದೇ ಇಟ್ಟುಕೊಂಡರೂ ನಡೆಯುತ್ತದೆ. ಹಪ್ಪಳ, ಶೇಂಗಾ ಹೋಳಿಗೆ, ಕಟಕ ರೊಟ್ಟಿ ಮಾರುವ ಸಂಘಗಳು ಇದನ್ನು ಯೋಚಿಸಬಹುದು.

ತಿರುಪಿನಲ್ಲಿ ನೋಡಬೇಕಾದ್ದು ಎರಡೇ. ಒಂದು, ಅದು ಉಕ್ಕಿನದೋ ಪ್ಲಾಸ್ಟಿಕ್ಕಿನದೋ? ಕೆಲವು ತೀರಾ ಅಗ್ಗದ ಸ್ಟ್ಯಾಂಡುಗಳಲ್ಲಿ ತಿರುಪಿಗೂ ಪ್ಲಾಸ್ಟಿಕ್ ಹಾಕಿರುತ್ತಾರೆ, ನಾಲ್ಕು ಸಲ ಬಿಗಿದರೆ ಸುತ್ತು ತೇದು ಹೋಗುತ್ತದೆ. ಅಂಥದು ಬೇಡ. ಎರಡು, ಕೈಯಿಂದಲೇ ಸಲೀಸಾಗಿ ಹೋಗಬೇಕು. ಓರೆಯಾಗಿ ಹತ್ತಿಸಿ ಇಕ್ಕಳ ಹಾಕಿ ಬಿಗಿದರೆ ಕ್ಯಾಮೆರಾದ ತಳದ ಸುತ್ತೇ ಕೆಡುತ್ತದೆ. ಅದರ ರಿಪೇರಿ ಸ್ಟ್ಯಾಂಡಿಗಿಂತ ದುಬಾರಿ.

ಕ್ಯಾಮೆರಾ ಇದ್ದವರಿಗೆ

ಮನೆಯಲ್ಲಿ ಡಿಎಸ್‌ಎಲ್‌ಆರ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ದೊಡ್ಡ ಫೋನು ಸುಮಾರು 200 ಗ್ರಾಂ. ಆರಂಭದ ಮಟ್ಟದ ಡಿಎಸ್‌ಎಲ್‌ಆರ್, ಜೊತೆಗೆ ಬರುವ ಲೆನ್ಸ್ ಸೇರಿ ಮುಕ್ಕಾಲು ಕಿಲೋ ಹತ್ತಿರ. ಹಕ್ಕಿ ತೆಗೆಯುವ 150ರಿಂದ 600 ಮಿ.ಮೀ. ಲೆನ್ಸ್ ಹಾಕಿದರೆ ಲೆನ್ಸೇ ಎರಡು ಕಿಲೋ ಆಸುಪಾಸು. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡಲು ಹೋಗುವ ಕುಟುಂಬಗಳು, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಬೆಳೆಯ ಕೀಟ, ರೋಗದ ಫೋಟೊ ಬೇಕಾಗುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ಮೊದಲು ಪ್ಲೇಟಿನ ಮಾತು. ಕ್ಯಾಮೆರಾದ ತಳಕ್ಕೆ ತಿರುಪಿನಿಂದ ಬಿಗಿಯುವ ಚಪ್ಪಟೆ ತುಂಡು ಅದು. ಪ್ಲೇಟು ಸಮೇತ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ‘ಟಕ್’ ಅಂತ ಕೂರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಸ್ಟ್ಯಾಂಡುಗಳಲ್ಲಿ ಬರುವ ಪ್ಲಾಸ್ಟಿಕ್ ಪ್ಲೇಟು ಆಯಾ ಕಂಪನಿಯ ತನ್ನದೇ ಅಳತೆಯದು. ಕಳೆದುಹೋದರೆ ಇನ್ನೊಂದು ಸಿಗುವುದಿಲ್ಲ, ಇಡೀ ಸ್ಟ್ಯಾಂಡ್ ಮೂಲೆಗೆ. ಮದುವೆ ಮನೆಯ ಗದ್ದಲದಲ್ಲಿ ಇಂಥ ಸಣ್ಣ ತುಂಡು ಕಳೆಯುವುದು ಎಷ್ಟು ಹೊತ್ತು? ಅದಕ್ಕೇ ಕೊಳ್ಳುವ ಮುಂಚೆ “ಪ್ಲೇಟು ಬಿಡಿಯಾಗಿ ಸಿಗತದೇನ್ರಿ?” ಅಂತ ಕೇಳಿಬಿಡಿ.

ಈಗ ಬಹಳ ಕಂಪನಿಗಳು ಒಪ್ಪಿಕೊಂಡಿರುವುದು ಆರ್ಕಾ-ಸ್ವಿಸ್ ಮಾದರಿ. ಸುಮಾರು 38 ಮಿ.ಮೀ. ಅಗಲ, ಎರಡೂ ಅಂಚು ಓರೆಯಾಗಿ ಕೊರೆದ ಲೋಹದ ಪ್ಲೇಟು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಕಂಪನಿಯ ಹೆಸರು ಅದು. ಆದರೆ ಮಾದರಿಯನ್ನು ಈಗ ಎಲ್ಲರೂ ಮಾಡುತ್ತಾರೆ. ಇಲ್ಲಿ ನಿಮಗೆ ಸಂತೋಷದ ಸುದ್ದಿ: ಪ್ಲೇಟು ಅಗ್ಗದ್ದೇ ಸಾಕು! ಅದರಲ್ಲಿ ಸ್ಪ್ರಿಂಗಿಲ್ಲ, ಕೀಲಿಲ್ಲ, ಕೆಡುವಂಥದ್ದೇ ಇಲ್ಲ. ಒಂದು ಅಲ್ಯೂಮಿನಿಯಂ ತುಂಡು, ಒಂದು ಉಕ್ಕಿನ ತಿರುಪು, ಮೇಲೊಂದು ರಬ್ಬರ್ ಹಾಸು, ಅಷ್ಟೆ. ಹೆಸರಾಂತ ಕಂಪನಿಯ ಪ್ಲೇಟಿಗೆ ನಾಲ್ಕೈದು ಪಟ್ಟು ಕೊಟ್ಟರೂ ಹಿಡಿತ ನಾಲ್ಕೈದು ಪಟ್ಟು ಆಗುವುದಿಲ್ಲ. ತುದಿಗಳಲ್ಲಿ ಪ್ಲೇಟು ಜಾರಿ ಹೊರಬರದಂತೆ ತಡೆಯುವ ಚಿಕ್ಕ ತಿರುಪುಗಳಿವೆಯೇ ಅಂತ ಮಾತ್ರ ನೋಡಿ.

ಆ ಪ್ಲೇಟನ್ನು ಹಿಡಿಯುವ ಭಾಗ ಮಾತ್ರ ಹಾಗಲ್ಲ. ಅದರಲ್ಲಿ ಎರಡು ಬಗೆ. ಒಂದು ಗುಬುಟು ತಿರುಗಿಸಿ ಬಿಗಿಯುವುದು, ಇನ್ನೊಂದು ಸನ್ನೆ ಒತ್ತಿ ಬಿಗಿಯುವುದು. ಸನ್ನೆಯದು ಬೇಗ ಆಗುತ್ತದೆ, ನೋಡಲೂ ಚೆಂದ. ಆದರೆ ಒಂದು ಕಂಪನಿಯ ಪ್ಲೇಟಿಗೂ ಇನ್ನೊಂದರದ್ದಕ್ಕೂ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಸನ್ನೆಗೆ ಅದನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ, ಮುಚ್ಚಿದ ಹಾಗೆ ಕಂಡರೂ ಒಳಗೆ ಸಡಿಲವಿರಬಹುದು. ಗುಬುಟಾದರೆ ಎಷ್ಟು ಬೇಕೋ ಅಷ್ಟು ಬಿಗಿಯುತ್ತದೆ. ಅಗ್ಗದ ಪ್ಲೇಟು ಬಳಸುವವರು ಗುಬುಟಿನದೇ ತಗೊಳ್ಳಿ.

ಇನ್ನು ತಲೆ. ಗುಂಡಿನ ಮೇಲೆ ಎಲ್ಲ ಕಡೆ ಹೊರಳುವುದನ್ನು ಬಾಲ್ ಹೆಡ್ ಅನ್ನುತ್ತಾರೆ. ಐದುನೂರು ರೂಪಾಯಿಗೂ ಇದೆ, ಮೂವತ್ತು ಸಾವಿರ ದಾಟಿದ್ದೂ ಇದೆ. ಫೋನಿಗೆ, ಸಣ್ಣ ಕ್ಯಾಮೆರಾಕ್ಕೆ ಸಾವಿರದ ಆಸುಪಾಸಿನದು ನಡೆಯುತ್ತದೆ. ಡಿಎಸ್‌ಎಲ್‌ಆರ್‌ಗೆ ಮೂರು ಸಾವಿರದಿಂದ ಮೇಲಿನದು ನೋಡಿ. ದೊಡ್ಡ ಲೆನ್ಸ್ ಇದ್ದರೆ ಇಲ್ಲೇ ದುಡ್ಡು ಹಾಕಿ, ಬೇಕಾದರೆ ಕಾಲುಗಳಲ್ಲಿ ಉಳಿಸಿ. ಕಾರ್ಬನ್ ಫೈಬರ್ ಕಾಲಿನ ಆಸೆ ಬಿಡಿ. ಅದು ಗುಡ್ಡ ಹತ್ತಿ ಹೊರುವವರಿಗೆ ಹಗುರವಾಗಲಿ ಅಂತ ಇರುವುದು.

ಡಬ್ಬಿಯ ಮೇಲೆ ‘20 ಕಿಲೋ ಹೊರುತ್ತದೆ’ ಅಂತ ಬರೆದಿರುತ್ತದೆ. ನಂಬಿಬಿಡಬೇಡಿ. ಆ ಸಂಖ್ಯೆ ಕಂಪನಿಯವರೇ ಹೇಳಿಕೊಂಡದ್ದು. ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ನೇರವಾಗಿ ಮೇಲೆ ಇಟ್ಟ ಭಾರ ಹೊರುವುದಕ್ಕೂ ಓರೆಯಾಗಿ ಬಾಗಿದ ಭಾರ ಹಿಡಿದಿಡುವುದಕ್ಕೂ ಅಜಗಜಾಂತರ. ಮನೆಯಲ್ಲೇ ಹೀಗೆ ನೋಡಿ: ಕ್ಯಾಮೆರಾ ಕೂಡಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಲೆನ್ಸನ್ನು ಪೂರ್ತಿ ಹತ್ತಿರಕ್ಕೆ ಎಳೆದು ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ಚಿತ್ರದ ನಡುವೆ ಇಟ್ಟು ಬಿಗಿಯಿರಿ. ಕೈ ಬಿಟ್ಟ ಕೂಡಲೇ ಚುಕ್ಕೆ ಎಷ್ಟು ಸರಿಯಿತು? ಒಂದು ಕಪ್ ಚಹಾ ಕುಡಿದು ಬಂದು ಮತ್ತೆ ನೋಡಿ. ಇನ್ನೂ ಜಾರುತ್ತಲೇ ಇದ್ದರೆ ಆ ತಲೆ ನಿಮ್ಮ ಕ್ಯಾಮೆರಾದ ಭಾರಕ್ಕೆ ಸಾಲದು, ವಾಪಸು ಕಳಿಸಿ.

ದೊಡ್ಡ ಲೆನ್ಸಿಗೆ ತನ್ನದೇ ಪಾದ ಇರುವ ಪಟ್ಟಿ ಬಂದಿರುತ್ತದೆ. ಪ್ಲೇಟನ್ನು ಆ ಪಾದಕ್ಕೆ ಹಾಕಬೇಕು, ಕ್ಯಾಮೆರಾಕ್ಕಲ್ಲ. ಕ್ಯಾಮೆರಾಕ್ಕೆ ಹಾಕಿದರೆ ಮುಂದೆ ಚಾಚಿದ ಲೆನ್ಸಿನ ಭಾರವೆಲ್ಲ ಇವೆರಡರ ಕೂಡುಜಾಗದ ಮೇಲೆ ಬೀಳುತ್ತದೆ.

ಎರೆ ದೂಳು, ಬಯಲ ಗಾಳಿ

ಶಹಾಪುರದ ಬಳಿ ಬುದ್ಧ ಮಲಗಿದ ಬೆಟ್ಟವನ್ನು ಸಂಜೆಯ ಬೆಳಕಿನಲ್ಲಿ ತೆಗೆಯಬೇಕೆಂದು ರಸ್ತೆಬದಿ ನಿಂತವರಿಗೆ ಗಾಳಿಯ ಪರಿಚಯ ಇರುತ್ತದೆ. ನಡುವಿನ ಕಂಬದ ಕೊಕ್ಕೆಗೆ ನಿಮ್ಮ ಕೈಚೀಲ ಹಾಕಿ. ಚೀಲದ ತಳ ನೆಲಕ್ಕೆ ತುಸು ತಾಗುವಂತಿರಲಿ, ಇಲ್ಲದಿದ್ದರೆ ಅದೇ ತೂಗಾಡಿ ಸ್ಟ್ಯಾಂಡನ್ನೂ ತೂಗಿಸುತ್ತದೆ. ನಡುವಿನ ಕಂಬವನ್ನು ಮೇಲಕ್ಕೆ ಎಳೆಯುವುದು ಕೊನೆಯ ಉಪಾಯ. ಮೊದಲು ಕಾಲು ಉದ್ದ ಮಾಡಿ.

ಎರೆ ಹೊಲದ ದೂಳು ಬಲು ನುಣುಪು, ಎಲ್ಲಿ ಬೇಕಾದರೂ ನುಗ್ಗುತ್ತದೆ. ಹೊರಗೆ ಹೋಗಿ ಬಂದ ಮೇಲೆ ಒಣ ಬಟ್ಟೆಯಿಂದ ಗುಂಡು, ಪ್ಲೇಟಿನ ಅಂಚು, ಹೋಲ್ಡರಿನ ರಬ್ಬರು ಒರೆಸಿ. ಸಂದಿಗೆ ಹಳೇ ಹಲ್ಲುಜ್ಜುವ ಬ್ರಶ್ಶು ಸಾಕು. ತಿರುಗುವಾಗ ‘ಕರಕರ’ ಅನ್ನುತ್ತದೆ ಅಂತ ಹೊಲಿಗೆ ಮಶಿನ್ನಿನ ಎಣ್ಣೆ ಬಿಡುವವರಿದ್ದಾರೆ. ಬೇಡಿ! ಬಾಲ್ ಹೆಡ್ ನಿಲ್ಲುವುದೇ ಉಜ್ಜುವಿಕೆಯ ಮೇಲೆ. ಎಣ್ಣೆ ಬಿಟ್ಟರೆ ಗುಂಡು ಜಾರುತ್ತದೆ, ಎಣ್ಣೆಗೆ ದೂಳು ಇನ್ನಷ್ಟು ಅಂಟುತ್ತದೆ.

ಎಲ್ಲಿ ಕೊಳ್ಳುವುದು?

ಶಹಾಪುರ, ಯಾದಗಿರಿಯ ಮೊಬೈಲ್ ಅಂಗಡಿಗಳಲ್ಲಿ ಹೋಲ್ಡರ್, ಸಣ್ಣ ಸ್ಟ್ಯಾಂಡ್ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಕೈಯಲ್ಲಿ ಹಿಡಿದು ನೋಡುವುದಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಳ್ಳೆಯ ತಲೆ, ಲೋಹದ ಪ್ಲೇಟು ಬೇಕಾದರೆ ಕಲಬುರಗಿಯ ಕ್ಯಾಮೆರಾ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನ್. ಆನ್‌ಲೈನಿನಲ್ಲಿ ಮಾರುವವರ ಹೆಸರು, ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು ಎಂಬುದನ್ನು ತೋರಿಸಲೇಬೇಕೆಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಇವು ಇಲ್ಲದ ಕಡೆ ಕೊಳ್ಳಬೇಡಿ. ವಾಪಸು ತೆಗೆದುಕೊಳ್ಳುವ ಗಡುವು ಎಷ್ಟು ದಿನ ಅಂತ ನೋಡಿಕೊಂಡು, ಮೇಲೆ ಹೇಳಿದ ಹಾಸಿಗೆ ಪರೀಕ್ಷೆ, ಚುಕ್ಕೆ ಪರೀಕ್ಷೆ ಎರಡನ್ನೂ ಆ ಗಡುವಿನೊಳಗೇ ಮುಗಿಸಿ. ಡಬ್ಬಿ ಬಿಚ್ಚುವಾಗ ಮಗಳ ಕೈಲಿ ಒಂದು ವಿಡಿಯೋ ಮಾಡಿಸಿಟ್ಟುಕೊಂಡರೆ, ಒಳಗೆ ಮುರಿದ ಮಾಲು ಬಂದಿತ್ತು ಅಂತ ತೋರಿಸಲು ಬರುತ್ತದೆ. ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಅಂಗಡಿಯಲ್ಲಿ ಕೊಂಡಿದ್ದರೆ ಬಿಲ್ಲು ಕೇಳಿ ಪಡೆಯಿರಿ. ಮಶಿನ್ನಿನಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆಯೇ ಅದರದ್ದೊಂದು ಫೋಟೊ ತೆಗೆದುಕೊಂಡುಬಿಡಿ.